ಮಗುವಿಗೆ ಹಾಲು, ಅಮ್ಮನ ಮೂಳೆಗೆ ಏನು?

ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಾಗಿರುತ್ತದೆ. ಮಗುವನ್ನೆತ್ತಿಕೊಂಡು ಏಳುವಾಗ ಸೊಂಟ ಹಿಡಿಯುತ್ತದೆ, ಕುಳಿತು ಹಾಲು ಕುಡಿಸುವಾಗ ಬೆನ್ನು ಸೋಲುತ್ತದೆ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಕಾಣುತ್ತದೆ. ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ‘ಮಗು ನಿನ್ನ ಮೂಳೆಯ ಸುಣ್ಣವನ್ನೆಲ್ಲ ಹೀರಿಬಿಟ್ಟಿದೆ’ ಎನ್ನುತ್ತಾರೆ ಒಬ್ಬರು. ‘ಬೇಗ ಹಾಲು ಬಿಡಿಸು, ಇಲ್ಲದಿದ್ದರೆ ನಲವತ್ತಕ್ಕೇ ಮುದುಕಿಯಾಗುತ್ತೀಯ’ ಎನ್ನುತ್ತಾರೆ ಇನ್ನೊಬ್ಬರು. ಹೆದರಿದ ತಾಯಿ ಒಂದೋ ಹಾಲು ಬಿಡಿಸಲು ಹೊರಡುತ್ತಾಳೆ, ಇಲ್ಲವೇ ಅಂಗಡಿಯಿಂದ ಸಿಕ್ಕಿದ ಕ್ಯಾಲ್ಸಿಯಂ ಮಾತ್ರೆ ತಂದು ನುಂಗುತ್ತಾಳೆ.

ಈ ಎರಡೂ ಬೇಡ. ಬಸಿರು ಮತ್ತು ಹಾಲೂಡಿಕೆಯ ಕಾಲದಲ್ಲಿ ಮೂಳೆಯಿಂದ ಸ್ವಲ್ಪ ಕ್ಯಾಲ್ಸಿಯಂ ಹೊರಹೋಗುವುದು ನಿಜ. ಆದರೆ ಅದು ದೇಹವೇ ಲೆಕ್ಕ ಹಾಕಿ ಕೊಡುವ ಕೈಗಡ. ಹಾಲು ಬಿಡಿಸಿದ ಮೇಲೆ ಬಹುಪಾಲು ತಾಯಂದಿರಲ್ಲಿ ಅದು ಮೂಳೆಗೆ ಮರಳುತ್ತದೆ. ಈ ಮರಳುವಿಕೆಗೆ ಬೇಕಾದ ಸಾಮಗ್ರಿ ತಾಯಿಗೆ ಸಿಗುತ್ತಿದೆಯೇ ಎಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ಏಕೆಂದರೆ ಮೂಳೆ ಮತ್ತೆ ಕಟ್ಟಿಕೊಳ್ಳುವ ಹೊತ್ತಿಗೆ ಬಾಣಂತನ ಮುಗಿದಿರುತ್ತದೆ, ಮಾತ್ರೆ ನಿಂತಿರುತ್ತದೆ, ಅಮ್ಮನ ತಟ್ಟೆಯನ್ನು ಯಾರೂ ನೋಡುತ್ತಿರುವುದಿಲ್ಲ.

ಒಳಗೆ ಏನಾಗುತ್ತದೆ?

ಬಸಿರಿನಲ್ಲಿ: ಹುಟ್ಟುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರ ಬಹುಪಾಲು ಸೇರುವುದು ಕೊನೆಯ ಮೂರು ತಿಂಗಳಲ್ಲಿ. ಇದಕ್ಕಾಗಿ ತಾಯಿಯ ದೇಹ ಬಸಿರಿನ ಮೊದಲ ತಿಂಗಳುಗಳಿಂದಲೇ ಸಿದ್ಧವಾಗುತ್ತದೆ. ವಿಟಮಿನ್ ಡಿಯ ಸಕ್ರಿಯ ರೂಪ ರಕ್ತದಲ್ಲಿ ಏರುತ್ತದೆ, ಕರುಳು ಊಟದಿಂದ ಹೀರಿಕೊಳ್ಳುವ ಕ್ಯಾಲ್ಸಿಯಂ ಸರಿಸುಮಾರು ಎರಡು ಪಟ್ಟಾಗುತ್ತದೆ. ಅಂದರೆ ಮಗುವಿನ ಮೂಳೆಗೆ ಬೇಕಾದದ್ದು ಮುಖ್ಯವಾಗಿ ಬರುವುದು ನಿಮ್ಮ ತಟ್ಟೆಯಿಂದ. ತಟ್ಟೆಯಲ್ಲಿ ಸಾಲದಿದ್ದಾಗ ಮೂಳೆಯ ಮೇಲೆ ಹೊರೆ ಹೆಚ್ಚುತ್ತದೆ.

ಹಾಲೂಡಿಸುವಾಗ: ಇಲ್ಲಿ ಲೆಕ್ಕ ಬದಲಾಗುತ್ತದೆ. ಹೆರಿಗೆಯ ನಂತರ ಕರುಳಿನ ಹೀರಿಕೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಎದೆಹಾಲಿನ ಮೂಲಕವಾದರೋ ದಿನಕ್ಕೆ 200ರಿಂದ 300 ಮಿಲಿಗ್ರಾಂ ಕ್ಯಾಲ್ಸಿಯಂ ಮಗುವಿಗೆ ಹೋಗುತ್ತದೆ. ಮಗು ಹಾಲು ಕುಡಿಯುತ್ತಿರುವಾಗ ತಾಯಿಯಲ್ಲಿ ಈಸ್ಟ್ರೋಜನ್ ಮಟ್ಟ ಕೆಳಗಿರುತ್ತದೆ. ಜೊತೆಗೆ, ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುವ ಒಂದು ಹಾರ್ಮೋನನ್ನು ಸ್ತನದ ಅಂಗಾಂಶವೇ ರಕ್ತಕ್ಕೆ ಬಿಡುತ್ತದೆ. ಇವೆರಡೂ ಸೇರಿ ಬೆನ್ನೆಲುಬು ಮತ್ತು ಸೊಂಟದ ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ಹಾಲಿಗೆ ಒದಗಿಸುತ್ತವೆ. ಮೂತ್ರದಲ್ಲಿ ಕ್ಯಾಲ್ಸಿಯಂ ಪೋಲಾಗದಂತೆ ಕಿಡ್ನಿಯೂ ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ಆರು ತಿಂಗಳು ಪೂರ್ತಿ ಎದೆಹಾಲು ಕೊಡುವ ತಾಯಿಯಲ್ಲಿ ಮೂಳೆಯ ಸಾಂದ್ರತೆ ಸಾಮಾನ್ಯವಾಗಿ ಶೇ 3ರಿಂದ 5ರಷ್ಟು, ಕೆಲವರಲ್ಲಿ ಇನ್ನೂ ಹೆಚ್ಚು ಇಳಿಯಬಹುದು.

ಹೆಚ್ಚು ಕ್ಯಾಲ್ಸಿಯಂ ಮಾತ್ರೆ ತಿಂದರೆ ಈ ಇಳಿಕೆ ನಿಲ್ಲುವುದಿಲ್ಲ, ಎದೆಹಾಲಿನ ಕ್ಯಾಲ್ಸಿಯಂ ಹೆಚ್ಚುವುದೂ ಇಲ್ಲ. ಇಳಿಕೆಯನ್ನು ನಡೆಸುತ್ತಿರುವುದು ಹಾರ್ಮೋನು. ಹಾಗಾದರೆ ಕ್ಯಾಲ್ಸಿಯಂ ಏಕೆ ಬೇಕು? ಈಗಾಗಲೇ ಬಡವಾಗಿರುವ ಮೂಳೆಗೆ ಕೊರತೆಯ ಇನ್ನೊಂದು ಹೊರೆ ಬೀಳದಿರಲಿ ಎಂದು, ಮತ್ತು ಕಟ್ಟುವ ಕೆಲಸ ಶುರುವಾದಾಗ ಸಾಮಗ್ರಿ ಕೈಗೆಟುಕಲಿ ಎಂದು.

ಹಾಲು ಬಿಡಿಸಿದ ಮೇಲೆ: ಮಗು ಬೇರೆ ಆಹಾರ ತಿನ್ನತೊಡಗಿ ಹಾಲೂಡಿಕೆ ಕಡಿಮೆಯಾದಂತೆ, ಮುಟ್ಟು ಮರಳಿದಂತೆ ಮೂಳೆ ಮತ್ತೆ ತುಂಬಿಕೊಳ್ಳಲು ಶುರುಮಾಡುತ್ತದೆ. ಹಾಲು ಬಿಡಿಸಿದ ಆರರಿಂದ ಹನ್ನೆರಡು ತಿಂಗಳಲ್ಲಿ ಬಹುತೇಕ ತಾಯಂದಿರ ಮೂಳೆ ಹಿಂದಿನ ಮಟ್ಟಕ್ಕೆ ಹತ್ತಿರ ಬರುತ್ತದೆ. ಹೆಚ್ಚು ಮಕ್ಕಳನ್ನು ಹೆತ್ತು, ಹೆಚ್ಚು ಕಾಲ ಹಾಲೂಡಿಸಿದ ಮಾತ್ರಕ್ಕೆ ಮುಪ್ಪಿನಲ್ಲಿ ಮೂಳೆ ಮುರಿತ ಹೆಚ್ಚುವುದಿಲ್ಲ ಎಂದೇ ಒಟ್ಟಾರೆ ಅಧ್ಯಯನಗಳು ತೋರಿಸಿವೆ. ಹಾಗಾಗಿ ಮೂಳೆಯ ಭಯಕ್ಕೆ ಹಾಲು ಬಿಡಿಸಬೇಕಾಗಿಲ್ಲ.

ಏನು ಮಾಡಬೇಕು?

1. ಮೊದಲು ಲೆಕ್ಕ ತಿಳಿಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಗರ್ಭಿಣಿಗೆ ದಿನಕ್ಕೆ 1000 ಮಿಲಿಗ್ರಾಂ, ಹಾಲೂಡಿಸುವ ತಾಯಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಬಸಿರಿಲ್ಲದ ದಿನಗಳಲ್ಲೂ ಹೆಣ್ಣಿಗೆ 1000 ಮಿಲಿಗ್ರಾಂ ಬೇಕೇ ಬೇಕು. ಬಾಣಂತನ ಮುಗಿಯಿತೆಂದು ಅಗತ್ಯ ಮುಗಿಯುವುದಿಲ್ಲ.

2. ತಟ್ಟೆಯನ್ನು ಸರಿಪಡಿಸಿ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿರುವ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು. ಅಷ್ಟೇ ರಾಗಿಯಲ್ಲಿ 360 ಮಿಲಿಗ್ರಾಂ ದಾಟುತ್ತದೆ. ಅನ್ನ-ತಿಳಿಸಾರಿನ ಪಥ್ಯದಲ್ಲಿ ಮೂರು ತಿಂಗಳು ಕಳೆಯುವ ಬಾಣಂತಿಗೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಮನೆಯಲ್ಲೇ ಸಿಗುವ ಪದಾರ್ಥಗಳಿಂದ ಒಂದು ದಿನವನ್ನು ಹೀಗೆ ಹೊಂದಿಸಬಹುದು:

ಬೆಳಿಗ್ಗೆ ಒಂದು ಲೋಟ, ಅಂದರೆ 200 ಮಿಲಿಲೀಟರ್ ಹಾಲು – 240 ಮಿಲಿಗ್ರಾಂ.
ಮಧ್ಯಾಹ್ನ 75 ಗ್ರಾಂ ಹಿಟ್ಟಿನ ರಾಗಿಮುದ್ದೆ ಅಥವಾ ರೊಟ್ಟಿ – 270 ಮಿಲಿಗ್ರಾಂ.
ಜೊತೆಗೆ 50 ಗ್ರಾಂ ಹರಿವೆ ಅಥವಾ ನುಗ್ಗೆಸೊಪ್ಪಿನ ಪಲ್ಯ, ಸಾರು – 150 ಮಿಲಿಗ್ರಾಂ.
ಒಂದು ಬಟ್ಟಲು ಮೊಸರು – 180 ಮಿಲಿಗ್ರಾಂ.
ಸಂಜೆ 10 ಗ್ರಾಂ ಎಳ್ಳು ಹಾಕಿದ ಒಂದು ಉಂಡೆ – 120 ಮಿಲಿಗ್ರಾಂ.
ರಾತ್ರಿ ಇನ್ನೊಂದು ಲೋಟ ಹಾಲು – 240 ಮಿಲಿಗ್ರಾಂ.

ಕೂಡಿದರೆ 1200 ಮಿಲಿಗ್ರಾಂ. ಇವು ಅಂದಾಜು ಸಂಖ್ಯೆಗಳು, ತಳಿ ಮತ್ತು ಅಳತೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತವೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಹೀರಿಕೆಯನ್ನು ತುಸು ತಡೆಯುತ್ತದೆ. ಮೊಳಕೆ ಕಟ್ಟಿ ಹುರಿದು ಮಾಡಿದ ಹುರಿಹಿಟ್ಟು, ಹುಳಿ ಬರಿಸಿದ ಅಂಬಲಿ, ರಾಗಿದೋಸೆಗಳಲ್ಲಿ ಆ ತಡೆ ಕಡಿಮೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂಳೆಯ ದೃಷ್ಟಿಯಿಂದ ನುಗ್ಗೆಸೊಪ್ಪು, ಮೆಂತ್ಯಸೊಪ್ಪು ಉತ್ತಮ. ಕರಾವಳಿಯವರು ಮುಳ್ಳುಸಮೇತ ಅಗಿಯಬಹುದಾದ ಸಣ್ಣ ಮೀನನ್ನು ಸೇರಿಸಿಕೊಳ್ಳಬಹುದು. ಹಾಲು ಸೇರದವರಿಗೆ ಮೊಸರು, ಮಜ್ಜಿಗೆ ಒಗ್ಗಬಹುದು. ಅದೂ ಒಗ್ಗದಿದ್ದರೆ ರಾಗಿ, ಎಳ್ಳು, ಹುರುಳಿಕಾಳಿನ ಪಾಲು ಹೆಚ್ಚಿಸಿ, ವೈದ್ಯರಿಗೂ ತಿಳಿಸಿ.

3. ಪ್ರೋಟೀನ್ ಮರೆಯಬೇಡಿ. ಮೂಳೆಯ ಚೌಕಟ್ಟು ಪ್ರೋಟೀನಿನದು, ಕ್ಯಾಲ್ಸಿಯಂ ಅದರ ಮೇಲೆ ಕೂರುತ್ತದೆ. ಬೇಳೆ, ಕಾಳು, ಮೊಟ್ಟೆ, ಹಾಲು, ಮೀನು, ಮಾಂಸ – ನಿಮ್ಮ ಮನೆಯಲ್ಲಿ ಒಗ್ಗುವುದು ಯಾವುದಿದ್ದರೂ ಪ್ರತಿ ಊಟದಲ್ಲಿ ಒಂದಾದರೂ ಇರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮಿತವಾಗಿರಲಿ, ಏಕೆಂದರೆ ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ.

4. ಸರ್ಕಾರಿ ಮಾತ್ರೆಯನ್ನು ಕ್ರಮವಾಗಿ ತೆಗೆದುಕೊಳ್ಳಿ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ಬಸಿರಿನ 14ನೇ ವಾರದಿಂದ ಹೆರಿಗೆಯ ನಂತರದ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಕೊಡಲಾಗುತ್ತದೆ. ಒಂದೊಂದರಲ್ಲೂ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಐಯು ವಿಟಮಿನ್ ಡಿ3 ಇರುತ್ತದೆ. ಬಸಿರಿನಲ್ಲಿ ಈ ಮಾತ್ರೆಗೆ ಇನ್ನೊಂದು ದೊಡ್ಡ ಕೆಲಸವಿದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಲ್ಲಿ ಅದು ಪ್ರಾಣಾಪಾಯ ತರಬಲ್ಲ ರಕ್ತದೊತ್ತಡದ ತೊಂದರೆಯಾದ ಪ್ರೀಎಕ್ಲಾಂಪ್ಸಿಯಾದ ಸಾಧ್ಯತೆಯನ್ನು ತಗ್ಗಿಸುತ್ತದೆ. ಆದ್ದರಿಂದ ‘ಮೂಳೆ ಗಟ್ಟಿಯಾಗಿಯೇ ಇದೆ’ ಎಂದು ಮಾತ್ರೆ ಬಿಡಬೇಡಿ.

5. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಯನ್ನು ಒಟ್ಟಿಗೆ ನುಂಗಬೇಡಿ. ಕರುಳಿನಲ್ಲಿ ಕ್ಯಾಲ್ಸಿಯಂ ಕಬ್ಬಿಣದ ದಾರಿಗೆ ಅಡ್ಡ ಬರುತ್ತದೆ. ಕನಿಷ್ಠ ಎರಡು ಗಂಟೆಯ ಅಂತರವಿರಲಿ. ಸುಲಭ ಕ್ರಮ ಹೀಗಿದೆ: ಬೆಳಗಿನ ತಿಂಡಿಯ ಜೊತೆ ಒಂದು ಕ್ಯಾಲ್ಸಿಯಂ, ರಾತ್ರಿ ಊಟದ ಜೊತೆ ಇನ್ನೊಂದು. ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದ ಮೇಲೆ ನಿಂಬೆ ಪಾನಕದೊಂದಿಗೆ ಕಬ್ಬಿಣದ ಮಾತ್ರೆ. ಕಬ್ಬಿಣದ ಮಾತ್ರೆಯ ಆಸುಪಾಸಿನಲ್ಲಿ ಕಾಫಿ, ಟೀ ಬೇಡ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಅದಕ್ಕೇ ಊಟದೊಂದಿಗೆ ತೆಗೆದುಕೊಳ್ಳುವುದು. ಒಮ್ಮೆಗೆ 500 ಮಿಲಿಗ್ರಾಂಗಿಂತ ಹೆಚ್ಚಾದರೆ ಹೀರಿಕೆಯ ಪ್ರಮಾಣ ತಗ್ಗುತ್ತದೆ, ಅದಕ್ಕೇ ಎರಡು ಮಾತ್ರೆಗಳನ್ನು ಎರಡು ಹೊತ್ತಿಗೆ ಹಂಚುವುದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ ಬಿಡಿ.

6. ಬಿಸಿಲಿಗೆ ಬನ್ನಿ. ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ರಕ್ತಕ್ಕೆ ಸೇರದು. ನಮ್ಮ ನಾಡಿನಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಮನೆಯೊಳಗಿನ ಬದುಕು, ಮೈಮುಚ್ಚುವ ಉಡುಪು, ಕಪ್ಪು ಚರ್ಮಕ್ಕೆ ಬೇಕಾಗುವ ಹೆಚ್ಚಿನ ಬಿಸಿಲು ಇವೆಲ್ಲ ಸೇರಿ ಕೊರತೆ ವ್ಯಾಪಕವಾಗಿದೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣ ಹೆಚ್ಚಾಗಿ ಸಿಗುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಿದ್ದರೆ ಅದು ಸರಿಯಾದ ಹೊತ್ತು. ಕೈ, ಮುಖ, ಕಾಲಿಗೆ ಬಿಸಿಲು ತಾಗುವಂತೆ 20ರಿಂದ 30 ನಿಮಿಷ, ವಾರದಲ್ಲಿ ಕೆಲವು ದಿನ ಸಾಕು. ಸುಡುವ ಬೇಸಿಗೆಯಲ್ಲಿ ಸಮಯ ಕಡಿಮೆ ಮಾಡಿ, ಎಳೆಮಗುವನ್ನು ಆ ಬಿಸಿಲಿಗೆ ಒಡ್ಡಬೇಡಿ. ಚಳಿಗಾಲದಲ್ಲಿ ಯುರೋಪ್, ಕೆನಡಾಗಳಲ್ಲಿರುವ ಕನ್ನಡದ ತಾಯಂದಿರಿಗೆ ಅಲ್ಲಿನ ಬಿಸಿಲು ಸಾಲದು, ಅವರು ವೈದ್ಯರ ಸಲಹೆಯಂತೆ ಮಾತ್ರೆಯನ್ನೇ ನಂಬಬೇಕು. ಎದೆಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಮೊದಲ ವರ್ಷ ಪ್ರತಿ ಮಗುವಿಗೂ ದಿನಕ್ಕೆ 400 ಐಯು ವಿಟಮಿನ್ ಡಿ ಹನಿ ಕೊಡಲು ಹೇಳುತ್ತದೆ. ಮಗುವಿನ ಆ ಹನಿಯನ್ನು ತಪ್ಪಿಸಬೇಡಿ.

7. ನಡೆಯಿರಿ, ಭಾರ ಹೊರಿಸಿ. ಮೂಳೆ ತನ್ನ ಮೇಲೆ ಬೀಳುವ ಭಾರವನ್ನು ಗ್ರಹಿಸಿ ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ಮಲಗಿಯೇ ಇದ್ದರೆ ಅದು ತೆಳುವಾಗುತ್ತದೆ. ಸಹಜ ಹೆರಿಗೆಯಾದವರು ಮನೆಯೊಳಗಿನ ನಡಿಗೆಯನ್ನು ಬೇಗನೆ ಶುರುಮಾಡಬಹುದು. ಸಿಸೇರಿಯನ್ ಆದವರು ವೈದ್ಯರನ್ನು ಕೇಳಿ ನಿಧಾನವಾಗಿ ಹೆಚ್ಚಿಸಿ, ಮೊದಲ ಆರು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬೇಡಿ. ಅನಂತರ ದಿನಕ್ಕೆ ಅರ್ಧ ಗಂಟೆ ಚುರುಕಾದ ನಡಿಗೆ, ಮೆಟ್ಟಿಲು ಹತ್ತುವುದು, ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳ ವ್ಯಾಯಾಮ ಸೇರಿಸಿಕೊಳ್ಳಿ. ಮಗುವನ್ನು ನೆಲದಿಂದ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ ಎತ್ತಿ. ಹಾಲೂಡಿಸುವಾಗ ಬೆನ್ನಿಗೆ ಗೋಡೆ, ತೊಡೆಯ ಮೇಲೆ ದಿಂಬು ಇರಲಿ. ಮಗುವನ್ನು ಎದೆಯ ಎತ್ತರಕ್ಕೆ ತನ್ನಿ, ನೀವು ಅದರತ್ತ ಬಾಗಬೇಡಿ.

8. ಹಾಲು ಬಿಡಿಸಿದ ನಂತರದ ಒಂದು ವರ್ಷವನ್ನು ಮೂಳೆಯ ವರ್ಷವೆಂದು ಕಾಪಾಡಿ. ಈ ಲೇಖನದಿಂದ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಮೂಳೆ ಮರಳಿ ಕಟ್ಟಿಕೊಳ್ಳುವುದು ಈಗ. ಹಾಲು, ರಾಗಿ, ಸೊಪ್ಪು, ಬಿಸಿಲು, ನಡಿಗೆ ಎಲ್ಲವನ್ನೂ ಮುಂದುವರಿಸಿ. ಎರಡು ಹೆರಿಗೆಗಳ ನಡುವೆ ಅಂತರವಿರಲಿ. ಒಂದು ಹೆರಿಗೆಯಾದ ಮೇಲೆ ಕನಿಷ್ಠ ಎರಡು ವರ್ಷ ಕಳೆದು ಮುಂದಿನ ಬಸಿರಿಗೆ ಯೋಚಿಸಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೂಳೆಗಷ್ಟೇ ಅಲ್ಲ, ರಕ್ತ ಮತ್ತು ಒಟ್ಟು ಶಕ್ತಿ ಮರಳಲೂ ಈ ಬಿಡುವು ಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊಸರು, ಸೊಪ್ಪು ಬಿಡಿಸುವುದು: ‘ಬಾಣಂತಿ ಮೊಸರು ತಿಂದರೆ ಮಗುವಿಗೆ ಶೀತ’, ‘ಸೊಪ್ಪು ತಿಂದರೆ ಮಗುವಿಗೆ ಹೊಟ್ಟೆನೋವು’ ಎಂಬ ನಂಬಿಕೆಯಿಂದ ಕ್ಯಾಲ್ಸಿಯಂನ ಎರಡು ಮುಖ್ಯ ದಾರಿಗಳು ಮುಚ್ಚಿಹೋಗುತ್ತವೆ. ಶೀತ ಬರುವುದು ವೈರಸ್‌ನಿಂದ, ತಾಯಿ ತಿಂದ ಮೊಸರಿನಿಂದಲ್ಲ. ಬಾಣಂತನದ ಎಲ್ಲ ಪದ್ಧತಿಯನ್ನೂ ಬಿಡಬೇಕಿಲ್ಲ. ಎಣ್ಣೆ ತಿಕ್ಕಿ ಬಿಸಿನೀರೆರೆಯುವುದು, ವಿಶ್ರಾಂತಿ ಕೊಡುವುದು, ಅಂಟಿನುಂಡೆ ಮಾಡಿಕೊಡುವುದು ತಾಯಿಗೆ ಹಿತ. ಕತ್ತಲೆಕೋಣೆ, ನೀರಿಗೂ ಕಡಿವಾಣ, ಬರೀ ಅನ್ನದ ಪಥ್ಯ – ಇವನ್ನು ಬಿಡಿ.

ಎಳೆಬಿಸಿಲನ್ನೇ ನಂಬುವುದು: ಬೆಳಿಗ್ಗೆ ಏಳರ ಬಿಸಿಲು ಮೈಗೆ ಹಿತ, ಆದರೆ ವಿಟಮಿನ್ ಡಿ ತಯಾರಿಸುವ ಕಿರಣ ಅದರಲ್ಲಿ ತೀರಾ ಕಡಿಮೆ. ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲೂ ಕೆಲಸಕ್ಕೆ ಬಾರದು, ಗಾಜು ಆ ಕಿರಣವನ್ನು ತಡೆಯುತ್ತದೆ.

ಎಲೆ-ಅಡಿಕೆ-ಸುಣ್ಣ ಸಾಕೆನ್ನುವುದು: ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಅದು ಬಾಯಿಯ ಒಳಪದರವನ್ನು ಸುಡುತ್ತದೆ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ, ಬಸಿರಿನಲ್ಲಿ ಅದು ಮಗುವಿಗೂ ಒಳ್ಳೆಯದಲ್ಲ. ಸುಣ್ಣ, ಸೀಮೆಸುಣ್ಣ, ಮಣ್ಣು ತಿನ್ನಬೇಕೆಂಬ ಬಯಕೆಯಾದರೆ ರಕ್ತಹೀನತೆಯ ಪರೀಕ್ಷೆ ಮಾಡಿಸಿ.

ಹಲ್ಲಿನ ತೊಂದರೆಗೆ ಮಗುವನ್ನು ದೂರುವುದು: ಮಗು ಅಮ್ಮನ ಹಲ್ಲಿನಿಂದ ಕ್ಯಾಲ್ಸಿಯಂ ತೆಗೆಯುವುದಿಲ್ಲ. ಹಾರ್ಮೋನಿನಿಂದ ವಸಡು ಊದುತ್ತದೆ, ವಾಂತಿಯ ಆಮ್ಲ ಹಲ್ಲಿನ ಮೇಲ್ಪದರವನ್ನು ಸವೆಸುತ್ತದೆ. ವಾಂತಿಯಾದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಶ್ ಮಾಡಿ. ಬಸಿರಿನಲ್ಲಿ ಒಮ್ಮೆಯಾದರೂ ದಂತವೈದ್ಯರನ್ನು ನೋಡಿ.

ಎಲ್ಲ ನೋವಿಗೂ ಹೆರಿಗೆಯ ವೇಳೆ ಅರಿವಳಿಕೆಗೆ ಕೊಟ್ಟ ಬೆನ್ನಿನ ಇಂಜೆಕ್ಷನ್ ಕಾರಣವೆನ್ನುವುದು: ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ತಿಂಗಳುಗಟ್ಟಲೆ ಕಾಡುವ ನೋವಿಗೆ ಸಡಿಲವಾದ ಕೀಲುಬಂಧ, ಸೋತ ಹೊಟ್ಟೆಯ ಸ್ನಾಯು, ಬಾಗಿ ಕೂರುವ ಭಂಗಿ, ವಿಟಮಿನ್ ಡಿ ಕೊರತೆ ಇವೇ ಹೆಚ್ಚಾಗಿ ಕಾರಣ. ಇಂಜೆಕ್ಷನ್ನನ್ನು ದೂರಿ ಕೂತರೆ ನಿಜವಾದ ಕಾರಣಕ್ಕೆ ಚಿಕಿತ್ಸೆ ಸಿಗದೆ ಉಳಿಯುತ್ತದೆ.

ಹಾಲೂಡಿಸುವಾಗ ಮೂಳೆ ಸಾಂದ್ರತೆ ಅಳೆಸಿ ಹೆದರುವುದು: ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದೊಳಗಿಟ್ಟು ‘ಮೂಳೆ ಸವೆದಿದೆ’ ಎಂದು ಚೀಟಿ ಕೊಡುತ್ತಾರೆ. ಹಾಲೂಡಿಸುವ ಕಾಲದಲ್ಲಿ ಸಾಂದ್ರತೆ ಕಡಿಮೆ ಇರುವುದು ಸಹಜ. ಬಲವಾದ ಕಾರಣವಿಲ್ಲದಿದ್ದರೆ ಈ ಪರೀಕ್ಷೆಯನ್ನು ಹಾಲು ಬಿಡಿಸಿ ವರ್ಷವಾದ ಮೇಲೆ ಮಾಡಿಸುವುದೇ ಸರಿ.

ಎಚ್ಚರಿಕೆ: ಯಾವಾಗ ವೈದ್ಯರ ಬಳಿ ಹೋಗಬೇಕು?

ಬಸಿರಿನ ಕೊನೆಯ ತಿಂಗಳುಗಳಲ್ಲಿ ಅಥವಾ ಹಾಲೂಡಿಸುವ ಮೊದಲ ತಿಂಗಳುಗಳಲ್ಲಿ ಬೆನ್ನುಮೂಳೆ ತಾನಾಗಿಯೇ ಕುಸಿಯುವ ಒಂದು ಸ್ಥಿತಿಯಿದೆ. ಅದು ತೀರಾ ಅಪರೂಪ. 1955ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಅದರ ವಿವರ ಪ್ರಕಟವಾಗಿದ್ದರೂ ಇವತ್ತಿಗೂ ‘ಬಾಣಂತಿಯ ಸೊಂಟನೋವು’ ಎಂದು ತಳ್ಳಿಹಾಕುವುದರಿಂದ ಪತ್ತೆ ತಡವಾಗುತ್ತದೆ. ಈ ಲಕ್ಷಣಗಳಿದ್ದರೆ ಕಾಯಬೇಡಿ:

- ಬಗ್ಗಿದಾಗ, ಮಗುವನ್ನು ಎತ್ತಿದಾಗ ಥಟ್ಟನೆ ಶುರುವಾದ, ಮಲಗಿದರೂ ಕಡಿಮೆಯಾಗದ ತೀವ್ರ ಬೆನ್ನುನೋವು.
- ಎತ್ತರ ತಗ್ಗಿದಂತೆ, ಬೆನ್ನು ಗೂನಾದಂತೆ ಕಾಣುವುದು.
- ಬಸಿರಿನ ಕೊನೆಯಲ್ಲಿ ತೊಡೆಸಂದಿಯ ನೋವು, ಕುಂಟುವುದು, ಕಾಲೂರಲು ಆಗದಿರುವುದು.
- ಕಾಲು ಜೋಮು, ಬಲಹೀನತೆ, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು. ಇದು ತುರ್ತು ಸ್ಥಿತಿ.
- ಕೈಕಾಲು ಸೆಳೆತ, ಬಾಯಿಸುತ್ತ ಜುಮುಗುಟ್ಟುವಿಕೆ.

ಇವರಿಗೆ ವಿಶೇಷ ಗಮನ ಬೇಕು: ಸ್ಟೆರಾಯ್ಡ್ ಅಥವಾ ದೀರ್ಘಕಾಲ ಹೆಪರಿನ್ ಪಡೆದವರು, ಅಪಸ್ಮಾರದ ಮಾತ್ರೆ ನುಂಗುವವರು, ತೂಕ ಬಹಳ ಕಡಿಮೆ ಇರುವವರು, ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗಿ ಬಂದವರು, ತಾವೇ ಇನ್ನೂ ಬೆಳೆಯುತ್ತಿರುವ ಹದಿಹರೆಯದ ತಾಯಂದಿರು. ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಮಾತ್ರೆ ಶುರುಮಾಡುವ ಮೊದಲೇ ವೈದ್ಯರಿಗೆ ಹೇಳಿ. ಲಕ್ಷಾಂತರ ಐಯು ಇರುವ ವಿಟಮಿನ್ ಡಿ ಇಂಜೆಕ್ಷನ್ನನ್ನು ಯಾರೋ ಹೇಳಿದರೆಂದು ಹಾಕಿಸಿಕೊಳ್ಳಬೇಡಿ, ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಅಪಾಯವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದು ಮೂಳೆಯ ಸಾಂದ್ರತೆಯನ್ನು ತುಸು ತಗ್ಗಿಸುತ್ತದೆ, ನಿಲ್ಲಿಸಿದ ಮೇಲೆ ಬಹುಮಟ್ಟಿಗೆ ಮರಳುತ್ತದೆ. ಅದು ಅನೇಕರಿಗೆ ಉಪಯುಕ್ತವೇ. ಆದರೆ ಎರಡು ವರ್ಷಕ್ಕಿಂತ ಹೆಚ್ಚು ಮುಂದುವರಿಸುವ ಮೊದಲು ಮೂಳೆಯ ವಿಚಾರವನ್ನೂ ವೈದ್ಯರೊಂದಿಗೆ ಮಾತಾಡಿ.

ಮನೆಯವರಿಗೆ

ಮೇಲೆ ಹೇಳಿದ ಯಾವುದನ್ನೂ ಬಾಣಂತಿಯೊಬ್ಬಳೇ ಮಾಡಿಕೊಳ್ಳಲಾರಳು. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳ ಪಾಲಿಗೆ ಮೊಸರು ಉಳಿದಿರುವುದಿಲ್ಲ. ಅವಳ ಲೋಟದ ಹಾಲನ್ನು ಮೊದಲೇ ತೆಗೆದಿಡಿ. ಮಧ್ಯಾಹ್ನ ಅರ್ಧ ಗಂಟೆ ಮಗುವನ್ನು ನೀವು ಎತ್ತಿಕೊಂಡರೆ ಅವಳು ಅಂಗಳದಲ್ಲಿ ನಡೆದು ಬರುತ್ತಾಳೆ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಕರ್ನಾಟಕದಲ್ಲಿದೆ. ಅಲ್ಲಿಗೆ ಹೋಗಿ ಬರಲು ಅವಳಿಗೆ ಬಿಡುವು ಮಾಡಿಕೊಡಿ. ಅಲ್ಲಿ ಉಂಡಳೆಂದು ಮನೆಯ ಊಟ ಕಡಿಮೆ ಮಾಡಬೇಡಿ.

ಮಗುವಿನ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳಿಗೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಬಹುಪಾಲು ತಾಯಂದಿರಲ್ಲಿ ಹಾಲೂಡಿಕೆ ಇಳಿದು ಮೂಳೆ ಮತ್ತೆ ಕಟ್ಟಿಕೊಳ್ಳುವ ಕಾಲವೂ ಹೆಚ್ಚುಕಡಿಮೆ ಇದೇ. ಆ ಎರಡೂ ದಿನ ‘ತಾಯಿ ಕಾರ್ಡ್’ ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋದಾಗ ಮಗುವಿನ ತೂಕದ ಜೊತೆ ಅಮ್ಮನ ತೂಕ, ರಕ್ತದ ಪ್ರಮಾಣ, ಬೆನ್ನುನೋವಿನ ಬಗ್ಗೆಯೂ ಕೇಳಿ. ಅವಳ ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಮಾತ್ರೆ ಮುಂದುವರಿಸಬೇಕೇ ಎಂಬುದನ್ನು ಅಲ್ಲೇ ವೈದ್ಯರಿಂದ ತೀರ್ಮಾನ ಮಾಡಿಸಿಕೊಂಡು ಬನ್ನಿ.